ನೀರು ಹೋದ ದಾರಿ, ಗಾಳಿ ಬಂದ ದಾರಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ನನಗಿಂತ ಮೊದಲು ಮಾತಾಡಿದವರಲ್ಲಿ ಡಾಕ್ಟರಿದ್ದರು, ಕಾಲೇಜಿನ ಪ್ರಾಧ್ಯಾಪಕರಿದ್ದರು, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವವರಿದ್ದರು. ನಾನು ತೀರ್ಥಹಳ್ಳಿಗೆ ಹೋಗುವ ರಸ್ತೆ ಬದಿಯಲ್ಲಿ ಗ್ಯಾರೇಜು ಇಟ್ಟುಕೊಂಡವನು. ಇಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಐಟಿಐ ಮಾಡಿದೆ, ಆಮೇಲೆ 26 ವರ್ಷದಿಂದ ಸ್ಪ್ಯಾನರ್ ಹಿಡಿದಿದ್ದೇನೆ. "ನೀವು ದಿನಾ ಮಾಡುವ ಕೆಲಸದ ಬಗ್ಗೆಯೇ ಮಾತಾಡಿ" ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ಹಾಗಾಗಿ ಇವತ್ತು ವ್ಯಾನಿನ ನೀರು ಸೋರುವ ವಿಷಯ ಹೇಳುತ್ತೇನೆ. ಸುವರ್ಣ ಮಹೋತ್ಸವಕ್ಕೆ ಇದೆಂಥ ವಿಷಯ ಅಂತ ಹಿಂದೆ ಯಾರೋ ನಕ್ಕಿದ್ದು ಕೇಳಿಸಿತು. ನಗಲಿ. ನಕ್ಕವರ ಮನೆಯಲ್ಲೂ ಒಂದು ಓಮ್ನಿ ಇದೆ, ನನಗೆ ಗೊತ್ತು.

ನಮ್ಮ ಕಡೆ ವ್ಯಾನು ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಬಸ್ಸು ಬಾರದ ಊರಿಗೆ ಅದೇ ಬಸ್ಸು. ಬೆಳಗ್ಗೆ ಮಕ್ಕಳನ್ನು ಶಾಲೆಗೆ ತರುವುದು ಅದು, ಮಧ್ಯಾಹ್ನ ಅಡಿಕೆ ಮೂಟೆ ಮಂಡಿಗೆ ಒಯ್ಯುವುದು ಅದು, ರಾತ್ರಿ ಹೆರಿಗೆ ನೋವು ಬಂದರೆ ಬಾಗಿಲಿಗೆ ಬಂದು ನಿಲ್ಲುವುದೂ ಅದೇ. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದ ಗಾಡಿ ಆಮೇಲೆ ಓಮ್ನಿ ಆಯಿತು. 2019ರಲ್ಲಿ ತಯಾರಿಕೆ ನಿಂತಿತು. ಆದರೂ ನಮ್ಮ ಕೇರಿಗಳಲ್ಲಿ ಇನ್ನೂ ಓಡುತ್ತಿದೆ. ಮೂರು ಸಿಲಿಂಡರಿನ 796 ಸಿಸಿ ಎಂಜಿನ್ನು. ಇಷ್ಟು ಚಿಕ್ಕ ಎಂಜಿನ್ನನ್ನು ನಂಬಿಕೊಂಡು ನಾವು ಕಾಯಿಲೆಯವರನ್ನು ಕೂರಿಸಿ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುತ್ತೇವೆ, ಅದೇ ಘಾಟಿ ಹತ್ತಿ ವಾಪಸು ಬರುತ್ತೇವೆ.

ಇಳಿಯುವಾಗ ಕಷ್ಟ ಬ್ರೇಕಿಗೆ. ಹತ್ತುವಾಗ ಕಷ್ಟ ನೀರಿಗೆ. ಸೋಮೇಶ್ವರದಿಂದ ಮೇಲೆ ಬರುವಾಗ 14 ಹಿಮ್ಮುರಿ ತಿರುವು. ಗಾಡಿ ಮೊದಲನೇ ಗೇರು, ಎರಡನೇ ಗೇರಿನಲ್ಲಿ ಕೂಗುತ್ತಾ ಹತ್ತುತ್ತದೆ. ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಗಾಡಿ ಮಾತ್ರ ನಿಧಾನ. ಎದುರು ಗಾಳಿಯೂ ಕಡಿಮೆ.

ಮಕ್ಕಳೇ, ಇಲ್ಲಿ ಒಂದು ಲೆಕ್ಕ ಮಾಡೋಣ. ಈ ಲೆಕ್ಕ ನನಗೆ ಇದೇ ಶಾಲೆಯಲ್ಲಿ ಬಂದದ್ದು. ಜನ ತುಂಬಿದ ವ್ಯಾನು 1,200 ಕಿಲೋ ಎಂದುಕೊಳ್ಳಿ. ಅದು 500 ಮೀಟರ್ ಎತ್ತರಕ್ಕೆ ಏರಬೇಕು. ರಾಶಿ, ಗುರುತ್ವ, ಎತ್ತರ ಮೂರನ್ನೂ ಗುಣಿಸಿ. ಗುರುತ್ವಕ್ಕೆ ಸುಲಭಕ್ಕೆ 10 ಹಿಡಿಯಿರಿ. 60 ಲಕ್ಷ ಜೂಲ್ ಬರುತ್ತದೆ. ಪೆಟ್ರೋಲ್ ಉರಿದು ಬಂದ ಶಕ್ತಿ ಎಲ್ಲವೂ ಚಕ್ರಕ್ಕೆ ಹೋಗುವುದಿಲ್ಲ. ಹೆಚ್ಚೂಕಡಿಮೆ ಮೂರರಲ್ಲಿ ಒಂದು ಪಾಲು ಕೆಲಸಕ್ಕೆ, ಒಂದು ಪಾಲು ಸೈಲೆನ್ಸರಿನಲ್ಲಿ ಹೊರಗೆ, ಉಳಿದ ಪಾಲು ಎಂಜಿನ್ನಿನ ಸುತ್ತ ಇರುವ ನೀರಿಗೆ. ಅಂದರೆ ಘಾಟಿ ಹತ್ತಿ ಮುಗಿಯುವುದರೊಳಗೆ ನೀರಿಗೂ ಸುಮಾರು 60 ಲಕ್ಷ ಜೂಲ್ ಬಿಸಿ ಸೇರುತ್ತದೆ.

ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು 4,200 ಜೂಲ್ ಬೇಕು. ಗಾಡಿಯಲ್ಲಿ 4 ಲೀಟರ್ ಇದೆ ಎಂದರೆ ಡಿಗ್ರಿಗೆ 16,800. 30 ಡಿಗ್ರಿಯಿಂದ 100 ಡಿಗ್ರಿಗೆ ಹೋಗಲು ಸುಮಾರು 12 ಲಕ್ಷ. ಬರುವುದು 60 ಲಕ್ಷ, ಹಿಡಿಸುವುದು 12 ಲಕ್ಷ. ಕಬ್ಬಿಣ, ಅಲ್ಯುಮಿನಿಯಂ ಹೀರಿಕೊಳ್ಳುವ ಬಿಸಿ ಬಿಟ್ಟು ಹೇಳುತ್ತಿದ್ದೇನೆ. ನೀರು ನಿಂತಲ್ಲೇ ನಿಂತಿದ್ದರೆ ಮೂರನೇ ತಿರುವು ದಾಟುವುದರೊಳಗೆ ಕುದಿಯುತ್ತದೆ. ಕುದಿಯದೆ ಆಗುಂಬೆ ತಲುಪುತ್ತೇವೆ ಅಂದರೆ ಒಂದೇ ಕಾರಣ: ಆ 4 ಲೀಟರ್ ನೀರು ಸುಮ್ಮನೆ ಕೂರದೆ ಎಂಜಿನ್ನಿನಿಂದ ರೇಡಿಯೇಟರಿಗೆ, ರೇಡಿಯೇಟರಿನಿಂದ ಎಂಜಿನ್ನಿಗೆ ಸುತ್ತುತ್ತಾ ಬಿಸಿಯನ್ನು ಹೊರಗಿನ ಗಾಳಿಗೆ ಕೊಟ್ಟು ಬರುತ್ತಿರುತ್ತದೆ. ಆ ಸುತ್ತಾಟ ನಿಂತರೆ ಗಾಡಿ ನಿಂತಂತೆ.

ಸುತ್ತಾಟದ ದಾರಿ ಇಷ್ಟು. ಎಂಜಿನ್ನಿನ ಬೆಲ್ಟು ವಾಟರ್ ಪಂಪನ್ನು ತಿರುಗಿಸುತ್ತದೆ. ಪಂಪು ನೀರನ್ನು ಸಿಲಿಂಡರಿನ ಸುತ್ತ, ಹೆಡ್ಡಿನ ಒಳಗೆ ತಳ್ಳುತ್ತದೆ. ಮುಂದೆ ಥರ್ಮೋಸ್ಟ್ಯಾಟ್ ಎಂಬ ಬಾಗಿಲು. ಎಂಜಿನ್ ತಣ್ಣಗಿದ್ದಾಗ ಅದು ಮುಚ್ಚಿರುತ್ತದೆ, 82 ಅಥವಾ 88 ಡಿಗ್ರಿಯ ಹತ್ತಿರ ತೆರೆಯಲು ಶುರು ಮಾಡುತ್ತದೆ. ತೆರೆದ ಮೇಲೆ ಬಿಸಿ ನೀರು ರೇಡಿಯೇಟರಿಗೆ ಹೋಗುತ್ತದೆ. ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲಿದೆ. ರೇಡಿಯೇಟರಿಗೂ ಎಂಜಿನ್ನಿಗೂ ನಡುವೆ ಪೈಪು ಓಡಬೇಕು. ಪೈಪು ಇದ್ದಲ್ಲಿ ಜಾಯಿಂಟು ಇದೆ, ಜಾಯಿಂಟು ಇದ್ದಲ್ಲಿ ಸೋರುವ ಜಾಗ ಇದೆ.

ಇನ್ನು ಕ್ಯಾಪು. ಎಷ್ಟೋ ಜನ ಅದನ್ನು ಬರೀ ಮುಚ್ಚಳ ಅಂದುಕೊಂಡಿದ್ದಾರೆ. ಪ್ರೆಶರ್ ಕುಕ್ಕರಿಗೆ ವೆಯ್ಟ್ ಹೇಗೋ ಗಾಡಿಗೆ ಕ್ಯಾಪು ಹಾಗೆ. ಒಳಗೆ ಒತ್ತಡ ಹಿಡಿದಿಡುತ್ತದೆ. ಬಯಲಲ್ಲಿ 100 ಡಿಗ್ರಿಗೆ ಕುದಿಯುವ ನೀರು ಆ ಒತ್ತಡದಲ್ಲಿ ಹತ್ತಿರ ಹತ್ತಿರ 120 ಡಿಗ್ರಿಯ ತನಕ ಕುದಿಯದೆ ತಡೆದುಕೊಳ್ಳುತ್ತದೆ. ನೀರು ಬಿಸಿಯಾಗಿ ಹಿಗ್ಗಿದಾಗ ಕ್ಯಾಪಿನ ಸ್ಪ್ರಿಂಗು ಎತ್ತಿಕೊಂಡು ಹೆಚ್ಚಾದದ್ದು ಸಣ್ಣ ಪೈಪಿನಲ್ಲಿ ರಿಸರ್ವ್ ಡಬ್ಬಿಗೆ ಹೋಗುತ್ತದೆ. ರಾತ್ರಿ ಎಂಜಿನ್ ತಣಿದಾಗ ನೀರು ಕುಗ್ಗಿ, ಅದೇ ಪೈಪಿನಲ್ಲಿ ಡಬ್ಬಿಯ ನೀರನ್ನು ವಾಪಸು ಎಳೆದುಕೊಳ್ಳುತ್ತದೆ. ದಿನಾ ನಡೆಯುವ ಕೊಡು ಕೊಳ್ಳುವ ವ್ಯವಹಾರ ಇದು. ಮುಂದಿನ ಮಾತಿಗೆ ಇದು ಬೇಕು, ನೆನಪಿಡಿ.

ಕಳೆದ ವರ್ಷ ಬೇಸಿಗೆಯಲ್ಲಿ ಒಬ್ಬರು ಗ್ಯಾರೇಜಿಗೆ ಬಂದರು. ಹೆಸರು ಬೇಡ, ಇಲ್ಲೇ ಸಭೆಯಲ್ಲಿದ್ದಾರೆ. ಅವರ ವ್ಯಾನಿನಲ್ಲಿ ಪಕ್ಕದ ಊರಿನ ಒಬ್ಬರು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಮಣಿಪಾಲಕ್ಕೆ ಹೋಗಿ ಬರುತ್ತಿದ್ದರು. ಹಾರ್ನ್ ಸರಿ ಮಾಡಿಸಲು ಬಂದವರು ಮಾತಿಗೆ ಮಾತು ಬಂದು, "ಗಾಡಿಗೆ ಬೇರೆ ಏನೂ ತೊಂದರೆ ಇಲ್ಲ ಮಾರಾಯ, ದಿನಾ ಬೆಳಗ್ಗೆ ಅರ್ಧ ಲೀಟರ್ ನೀರು ಕುಡೀತದೆ ಅಷ್ಟೆ" ಅಂದರು.

"ಕುಡಿದ ನೀರು ಎಲ್ಲಿಗೆ ಹೋಗ್ತದೆ ಅಣ್ಣ?" ಅಂತ ಕೇಳಿದೆ.

"ಆವಿಯಾಗಿ ಹೋಗ್ತದೆ."

ಇದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಮಾತು. ಎಂಜಿನ್ನಿನ ನೀರು ಮುಚ್ಚಿದ ಪಾತ್ರೆಯಲ್ಲಿದೆ. ಹೊರಗೆ ಹೋಗಲು ದಾರಿ ಇಲ್ಲದೆ ಆವಿ ಎಲ್ಲಿಗೆ ಹೋಗಬೇಕು? ದಿನಕ್ಕೆ ಅರ್ಧ ಲೀಟರ್ ಅಂದರೆ ತಿಂಗಳಿಗೆ 15 ಲೀಟರ್. ಇಡೀ ಗಾಡಿಯ ನೀರು ತಿಂಗಳಿಗೆ ಮೂರು ನಾಲ್ಕು ಸಲ ಖಾಲಿಯಾಗಿ ತುಂಬಿದಂತೆ. ಅರ್ಧ ಲೀಟರ್ ಕಡಿಮೆಯಾದ ಗಾಡಿ ಬೆಳಗ್ಗೆ ಮನೆ ಮುಂದೆ ಇದ್ದರೆ ಪರವಾಗಿಲ್ಲ. ಅದೇ ಗಾಡಿ ಸಂಜೆ ಘಾಟಿಯ ಹತ್ತನೇ ತಿರುವಿನಲ್ಲಿ, ಒಳಗೆ ಆಗ ತಾನೆ ಡಯಾಲಿಸಿಸ್ ಮುಗಿಸಿ ಸುಸ್ತಾಗಿ ಒರಗಿದ ಒಬ್ಬರನ್ನು ಕೂರಿಸಿಕೊಂಡು ನಿಂತರೆ? ಅಲ್ಲಿ ಫೋನೂ ಎಲ್ಲ ಕಡೆ ಸಿಗುವುದಿಲ್ಲ. ಗಾಡಿ ಬಿಟ್ಟು ಹೋಗಿ ಅಂದೆ.

ಈಗ ಸೋರಿಕೆ ಹುಡುಕುವ ಕ್ರಮ ಹೇಳುತ್ತೇನೆ. ಇದಕ್ಕೆ ದೊಡ್ಡ ಯಂತ್ರ ಬೇಡ. ಎಂಜಿನ್ ಪೂರ್ತಿ ತಣಿದಿರಬೇಕು, ಬೆಳಕು ಬೇಕು, ತಾಳ್ಮೆ ಬೇಕು. ಮೊದಲು ನೆಲ ನೋಡಿ. ರಾತ್ರಿ ಗಾಡಿಯ ಅಡಿಗೆ ಹಳೆಯ ರಟ್ಟು ಹಾಸಿಟ್ಟರೆ ಬೆಳಗ್ಗೆ ಹನಿ ಎಲ್ಲಿ ಬಿದ್ದಿದೆ ಅಂತ ಗೊತ್ತಾಗುತ್ತದೆ. ರಟ್ಟು ಒಣಗಿದೆ ಅಂದ ಮಾತ್ರಕ್ಕೆ ಸೋರಿಕೆ ಇಲ್ಲ ಅಂತಲ್ಲ. ಬಿಸಿಯಾಗಿ ಒತ್ತಡ ಏರಿದಾಗ ಮಾತ್ರ ಸೋರಿ, ಬಿಸಿ ಲೋಹದ ಮೇಲೆ ಬಿದ್ದು ಅಲ್ಲೇ ಆರಿ ಹೋಗುವ ಸೋರಿಕೆಗಳೇ ಹೆಚ್ಚು. ನೀರು ಆರಿದರೂ ಗುರುತು ಬಿಟ್ಟು ಹೋಗುತ್ತದೆ. ಬಿಳಿ ಸುಣ್ಣದಂತಹ ಕಟ್ಟು, ಹಸಿರು ಅಥವಾ ಗುಲಾಬಿ ಬಣ್ಣದ ಕಲೆ. ಪೈಪಿನ ತುದಿಯ ಕ್ಲಿಪ್ಪು, ರೇಡಿಯೇಟರಿನ ಮೇಲಿನ ಕೆಳಗಿನ ತೊಟ್ಟಿ ಸೇರುವ ಅಂಚು, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಎಲ್ಲ ನೋಡಿ. ಆ ತೂತು ಬೇಕೆಂದೇ ಕೊಟ್ಟದ್ದು. ಪಂಪಿನ ಒಳಗಿನ ಸೀಲು ಹೋದರೆ ಅಲ್ಲಿಂದ ನೀರು ಹನಿದು ಹೇಳುತ್ತದೆ. ಅದನ್ನು ಎಂ-ಸೀಲ್ ಹಾಕಿ ಮುಚ್ಚಿದವರನ್ನೂ ನೋಡಿದ್ದೇನೆ. ಅದು ಅಳುವ ಮಗುವಿನ ಬಾಯಿಗೆ ಬಟ್ಟೆ ತುರುಕಿದ ಹಾಗೆ.

ಆಮೇಲೆ ರಬ್ಬರ್ ಪೈಪನ್ನು ಕೈಯಲ್ಲಿ ಹಿಸುಕಿ. ಒಳ್ಳೆಯ ಪೈಪು ಬಗ್ಗಿ ಮತ್ತೆ ಮೊದಲಿನಂತಾಗುತ್ತದೆ. ಕರಕರ ಅಂದರೆ, ಉಬ್ಬಿದ್ದರೆ, ಮೆತ್ತಗೆ ಹಲ್ವದಂತಾಗಿದ್ದರೆ ಅದರ ಆಯುಷ್ಯ ಮುಗಿದಿದೆ. ಹೊರಗೆ ಏನೂ ಕಾಣದಿದ್ದರೆ ಗ್ಯಾರೇಜಿನಲ್ಲಿ ಪ್ರೆಶರ್ ಟೆಸ್ಟರ್ ಇರುತ್ತದೆ. ಕ್ಯಾಪಿನ ಜಾಗಕ್ಕೆ ಅದನ್ನು ಕೂರಿಸಿ, ಸೈಕಲ್ ಪಂಪಿನಂತೆ ಕೈಯಲ್ಲಿ ಒತ್ತಿ, ಕ್ಯಾಪಿನ ಮೇಲೆ ಬರೆದಷ್ಟು ಒತ್ತಡ ಕೊಟ್ಟು ಬಿಡುವುದು. ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ. ಹೊರಗೆ ಹನಿ ಇಲ್ಲ, ಮುಳ್ಳು ಮಾತ್ರ ಇಳಿಯುತ್ತಿದೆ ಅಂದರೆ ನೀರು ಎಂಜಿನ್ನಿನ ಒಳಗೇ ಹೋಗುತ್ತಿರಬಹುದು. ಹೆಡ್ ಗ್ಯಾಸ್ಕೆಟ್ ಹೋದಾಗ ಹೀಗೆ. ಸೈಲೆನ್ಸರಿನಲ್ಲಿ ನಿಲ್ಲದ ಬಿಳಿ ಹೊಗೆ, ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣ, ನೀರಿನಲ್ಲಿ ಎಷ್ಟು ಹೊತ್ತಾದರೂ ನಿಲ್ಲದ ಗುಳ್ಳೆ ಇವು ಅದರ ಲಕ್ಷಣ. ಆಗ ಗಾಡಿ ಓಡಿಸಲೇಬಾರದು.

ನಮ್ಮ ಈ ಅಣ್ಣನ ಗಾಡಿಯಲ್ಲಿ ಎರಡು ಕಡೆ ಸಿಕ್ಕಿತು. ಒಂದು, ಎಂಜಿನ್ನಿನ ಕಡೆಯ ಪೈಪಿನ ತುದಿ. ಕ್ಲಿಪ್ಪಿನ ಕೆಳಗೆ ರಬ್ಬರ್ ಸೀಳಿತ್ತು, ಬಿಸಿಯಾದಾಗ ಮಾತ್ರ ಬಾಯಿ ಬಿಡುತ್ತಿತ್ತು. ಎರಡನೆಯದನ್ನು ಯಾರೂ ನೋಡುವುದಿಲ್ಲ. ಕ್ಯಾಪಿನಿಂದ ರಿಸರ್ವ್ ಡಬ್ಬಿಗೆ ಹೋಗುವ ಸಣ್ಣ ಪೈಪಿನಲ್ಲಿ ಕೂದಲಿನಷ್ಟು ಬಿರುಕು. ಅಲ್ಲಿಂದ ನೀರು ಹೆಚ್ಚು ಹೋಗುತ್ತಿರಲಿಲ್ಲ. ಆದರೆ ರಾತ್ರಿ ಎಂಜಿನ್ ತಣಿದು ಎಳೆದುಕೊಳ್ಳುವಾಗ ಡಬ್ಬಿಯ ನೀರಿನ ಬದಲು ಬಿರುಕಿನಿಂದ ಗಾಳಿ ಬರುತ್ತಿತ್ತು. ಸ್ಟ್ರಾ ತೂತಾದರೆ ಎಳನೀರು ಬಾಯಿಗೆ ಬರುತ್ತದೆಯೇ? ಹಾಗೆ. ಅದಕ್ಕೇ ಡಬ್ಬಿಯಲ್ಲಿ ಫುಲ್ ಗೆರೆಯ ತನಕ ನೀರು ಕಾಣುತ್ತಿತ್ತು, ಒಳಗೆ ಎಂಜಿನ್ ಬಾಯಾರಿತ್ತು. ಡಬ್ಬಿ ತುಂಬಿದೆ ಎಂದು ಧೈರ್ಯವಾಗಿ ಘಾಟಿ ಹತ್ತುವವರು ವಾರಕ್ಕೊಮ್ಮೆಯಾದರೂ, ಎಂಜಿನ್ ತಣ್ಣಗಿರುವಾಗ ಮಾತ್ರ, ಕ್ಯಾಪು ತೆಗೆದು ಒಳಗೂ ನೋಡಿ.

ಪೈಪು ಎರಡೂ ಬದಲಾಯಿಸಿದೆ, ಕ್ಲಿಪ್ಪು ಹೊಸದು ಹಾಕಿದೆ. ಕ್ಯಾಪಿನ ರಬ್ಬರ್ ಗಟ್ಟಿಯಾಗಿತ್ತು, ಅದನ್ನೂ ಬದಲಾಯಿಸಿದೆ. ಅರ್ಧ ಗಂಟೆಯ ಕೆಲಸ. "ಆಯ್ತಲ್ಲ, ನೀರು ಹಾಕಿ ಕೊಡು, ನಾಳೆ ಬೆಳಗ್ಗೆ ಆರಕ್ಕೆ ಪೇಷಂಟ್ ಇದೆ" ಅಂದರು. ಅರ್ಧ ಮಾತ್ರ ಆಗಿದೆ ಅಂದೆ. ನೀರು ಹೋದ ದಾರಿ ಮುಚ್ಚಿತ್ತು. ಅದೇ ದಾರಿಯಲ್ಲಿ ಒಳಗೆ ಬಂದ ಗಾಳಿ ಇನ್ನೂ ಒಳಗೇ ಇತ್ತು.

ಗಾಳಿಯ ವಿಷಯ ನಮ್ಮ ತೋಟದವರಿಗೆ ಹೇಳಿಕೊಡಬೇಕಾಗಿಲ್ಲ. ಗುಡ್ಡದ ಒರತೆಯಿಂದ ಮನೆಗೆ ಪೈಪಿನಲ್ಲಿ ನೀರು ತಂದವರಿಗೆ ಗೊತ್ತು. ದಾರಿಯಲ್ಲಿ ಪೈಪು ಒಂದು ಕಡೆ ಉಬ್ಬಿ ಎದ್ದಿದ್ದರೆ ಅಲ್ಲಿ ಗಾಳಿ ಕೂತುಬಿಡುತ್ತದೆ. ಮೇಲೆ ನೀರು ತುಂಬಿದೆ, ಪೈಪು ಎಲ್ಲೂ ಒಡೆದಿಲ್ಲ, ಮನೆಯ ನಲ್ಲಿಯಲ್ಲಿ ನೀರಿಲ್ಲ. ಆ ಉಬ್ಬಿನ ಹತ್ತಿರ ಜಾಯಿಂಟು ಸಡಿಲ ಮಾಡಿದರೆ ಗಾಳಿ ಪುಸ್ ಅಂತ ಹೋಗಿ ನೀರು ಓಡುತ್ತದೆ. ಕೆರೆಯ ಪಂಪ್‌ಸೆಟ್ಟಿಗೆ ಫುಟ್‌ವಾಲ್ವ್ ಹೋದರೆ ಮೊದಲು ನೀರು ತುಂಬಿ ಗಾಳಿ ತೆಗೆಯದೆ ಪಂಪು ಎತ್ತುವುದಿಲ್ಲ. ಮೋಟಾರು ತಿರುಗುತ್ತದೆ, ನೀರು ಬರುವುದಿಲ್ಲ. ಗಾಡಿಯ ವಾಟರ್ ಪಂಪೂ ಅದೇ ಜಾತಿಯದು. ರೆಕ್ಕೆಗೆ ನೀರು ಸಿಕ್ಕರೆ ತಳ್ಳುತ್ತದೆ, ಗಾಳಿ ಸಿಕ್ಕರೆ ಬರೀ ಗಿರಗಿರ ತಿರುಗುತ್ತದೆ.

ಇನ್ನೊಂದು ಲೆಕ್ಕ. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು 4,200 ಜೂಲ್ ಅಂದೆನಲ್ಲ. ಒಂದು ಲೀಟರ್ ಗಾಳಿಗೆ ಸುಮಾರು ಒಂದೂಕಾಲು ಜೂಲ್ ಸಾಕು. ಅಂದರೆ ಅಷ್ಟೇ ಜಾಗದಲ್ಲಿ ನೀರು ಹೊರುವ ಬಿಸಿಯ ಮೂರು ಸಾವಿರದಲ್ಲಿ ಒಂದು ಪಾಲನ್ನೂ ಗಾಳಿ ಹೊರುವುದಿಲ್ಲ. ಗಾಳಿ ಮೇಲಕ್ಕೆ ಏರುತ್ತದೆ, ಎತ್ತರದ ಜಾಗ ಹುಡುಕಿ ಕೂರುತ್ತದೆ. ಎಂಜಿನ್ನಿನ ಎತ್ತರದ ಜಾಗ ಹೆಡ್ಡು. ಪೆಟ್ರೋಲ್ ಉರಿಯುವ ಗುಂಡಿಯ ನೆತ್ತಿಯೇ ಅದು. ಎಲ್ಲಿ ನೀರು ತೀರಾ ಬೇಕೋ ಅಲ್ಲೇ ಗಾಳಿ ಕೂತರೆ ಅಲ್ಯುಮಿನಿಯಂ ಹೆಡ್ಡು ಬಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ. ಒಂದು ಪೈಪಿನ ಖರ್ಚಿನಲ್ಲಿ ಮುಗಿಯಬೇಕಾದದ್ದು ಲೇತಿಗೆ ಹೋಗಿ ಸಾವಿರಗಟ್ಟಲೆ ಆಗುತ್ತದೆ. ವ್ಯಾನನ್ನೇ ನಂಬಿದ ಮನೆಗೆ ಹದಿನೈದು ದಿನ ದುಡಿಮೆ ಇಲ್ಲ.

ಹಾಗಾಗಿ ಗಾಳಿ ತೆಗೆಯುವ ಕ್ರಮ. ಮೊದಲು ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ, ನೀರು ತುಂಬುವ ಬಾಯಿ ಎತ್ತರಕ್ಕೆ ಬರುವಂತೆ. ಗಾಡಿಯಿಂದ ಗಾಡಿಗೆ ಆ ಬಾಯಿ ಇರುವ ಜಾಗ ಬೇರೆ, ನೋಡಿಕೊಳ್ಳಿ. ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ಇರುವ ಗಾಡಿಯಾದರೆ ಅದನ್ನು ಪೂರ್ತಿ ಬಿಸಿಗೆ ತಿರುಗಿಸಿ, ಆ ದಾರಿಯೂ ತೆರೆದಿರಬೇಕು. ಕೂಲೆಂಟನ್ನು ನಿಧಾನವಾಗಿ, ಸಣ್ಣ ಧಾರೆಯಲ್ಲಿ ಹೊಯ್ಯಿರಿ. ಬಾಟಲಿಗೆ ಎಣ್ಣೆ ತುಂಬುವಾಗ ಗಡಿಬಿಡಿ ಮಾಡಿದರೆ ಗುಳುಗುಳು ಅಂದು ಉಕ್ಕುತ್ತದಲ್ಲ, ಇಲ್ಲೂ ಅಷ್ಟೆ. ನಡುನಡುವೆ ರಬ್ಬರ್ ಪೈಪನ್ನು ಹಾಲು ಕರೆದಂತೆ ಹಿಸುಕಿ ಬಿಡಿ. ಗುಳ್ಳೆ ಬರುತ್ತದೆ, ಮಟ್ಟ ಇಳಿಯುತ್ತದೆ, ಮತ್ತೆ ಹೊಯ್ಯಿರಿ. ಗಾಳಿ ಬಿಡುವ ಸ್ಕ್ರೂ ಕೊಟ್ಟಿರುವ ಗಾಡಿಗಳಿವೆ. ಅಂಥದ್ದರಲ್ಲಿ ಅದನ್ನು ಸಡಿಲ ಮಾಡಿ, ಗುಳ್ಳೆ ನಿಂತು ನೀರಿನ ಸರಾಗ ಧಾರೆ ಬಂದ ಮೇಲೆ ಬಿಗಿ ಮಾಡಿ.

ತುಂಬಿದ ಮೇಲೆ ಕ್ಯಾಪು ಹಾಕದೆ, ತಣ್ಣಗಿರುವ ಎಂಜಿನ್ನನ್ನು ಸ್ಟಾರ್ಟ್ ಮಾಡಿ ಐಡಲಿನಲ್ಲಿ ಬಿಡಿ. ಮುಖ ಬಾಯಿಯ ಹತ್ತಿರ ತರಬೇಡಿ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ, ಥರ್ಮೋಸ್ಟ್ಯಾಟ್ ಮುಚ್ಚಿದೆ. ಅದು ತೆರೆದ ಕೂಡಲೇ ರೇಡಿಯೇಟರಿಗೆ ಹೋಗುವ ಪೈಪು ಬಿಸಿಯಾಗುತ್ತದೆ, ನೀರಿನ ಮಟ್ಟ ತಟ್ಟನೆ ಇಳಿಯುತ್ತದೆ, ದೊಡ್ಡ ಗುಳ್ಳೆ ಏಳುತ್ತದೆ. ಆ ಗುಳ್ಳೆಗೇ ಕಾಯುತ್ತಿದ್ದದ್ದು. ಮತ್ತೆ ತುಂಬಿ, ಗುಳ್ಳೆ ನಿಂತ ಮೇಲೆ ಕ್ಯಾಪು ಬಿಗಿ ಮಾಡಿ. ಎಲೆಕ್ಟ್ರಿಕ್ ಫ್ಯಾನ್ ಇದ್ದರೆ ಅದು ತಾನಾಗಿ ಹಾಕಿಕೊಂಡು, ತಾನಾಗಿ ನಿಲ್ಲುವ ತನಕ ಕಾಯಿರಿ. ಡಬ್ಬಿಯನ್ನು ಎರಡು ಗೆರೆಗಳ ನಡುವೆ ತುಂಬಿ.

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಎಂಜಿನ್ ಪೂರ್ತಿ ತಣಿಯಬೇಕು. ಆಗ ಮೂಲೆಯಲ್ಲಿ ಉಳಿದ ಸಣ್ಣ ಗಾಳಿಯೂ ಮೇಲೆ ಬಂದಿರುತ್ತದೆ. ಕ್ಯಾಪು ತೆಗೆದು ಮತ್ತೊಮ್ಮೆ ನೋಡಬೇಕು. ಸರಿಯಾಗಿದೆಯೇ ಎಂದು ತಿಳಿಯಲು ನಾನು ಅಳತೆ ಇಟ್ಟುಕೊಳ್ಳುತ್ತೇನೆ. 4 ಲೀಟರ್ ಹಿಡಿಯುವ ಖಾಲಿ ಗಾಡಿಗೆ 3 ಲೀಟರೇ ಹೋಯಿತು ಅಂದರೆ ಒಂದು ಲೀಟರ್ ಗಾಳಿ ಒಳಗೆ ಕೂತಿದೆ ಎಂದೇ ಲೆಕ್ಕ. ಕಣ್ಣಿಗೆ ಕಾಣದ್ದನ್ನು ಲೆಕ್ಕ ತೋರಿಸುತ್ತದೆ.

ಆ ರಾತ್ರಿ ಅಣ್ಣನಿಗೆ ಬೀಗದ ಕೈ ಕೊಡಲಿಲ್ಲ. ಸಿಟ್ಟು ಮಾಡಿಕೊಂಡೇ ಹೋದರು. ಬೆಳಗ್ಗೆ ಐದಕ್ಕೆ ಬಂದರು. ಅವರ ಎದುರಿಗೇ ಕ್ಯಾಪು ತೆಗೆದೆ. ಒಂದು ದೊಡ್ಡ ಲೋಟದಷ್ಟು ಕಡಿಮೆಯಾಗಿತ್ತು. ತುಂಬಿದೆ. ಆರಕ್ಕೆ ಪೇಷಂಟನ್ನು ಕೂರಿಸಿಕೊಂಡು ಹೊರಟರು. ಸಂಜೆ ಘಾಟಿ ಹತ್ತಿ ಬಂದು, ಮುಳ್ಳು ಅರ್ಧ ದಾಟಲಿಲ್ಲ ಅಂತ ಫೋನ್ ಮಾಡಿದರು. ಮರುದಿನ ಬೆಳಗ್ಗೆ ನೀರು ಹಾಕಬೇಕಾಗಲಿಲ್ಲ.

ಮುಳ್ಳು ಅಂದಾಗ ಇನ್ನೊಂದು ಮಾತು. ಟೆಂಪರೇಚರ್ ಮುಳ್ಳನ್ನು ನಂಬಿ, ಆದರೆ ಪೂರ್ತಿ ನಂಬಬೇಡಿ. ಅದರ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿ ಹೇಳುತ್ತದೆ. ನೀರು ಇಳಿದು ಸೆನ್ಸರ್ ಗಾಳಿಯಲ್ಲಿ ಉಳಿದರೆ ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೆ ಬರಬಹುದು. ಏರುತ್ತಿದ್ದ ಮುಳ್ಳು ಘಾಟಿಯಲ್ಲೇ ದಿಢೀರನೆ ಇಳಿದರೆ "ಸದ್ಯ, ತಣ್ಣಗಾಯ್ತು" ಅನ್ನಬೇಡಿ. ಬದಿಗೆ ನಿಲ್ಲಿಸಿ. ಹಾಗೆಯೇ ಹೀಟ್ ಆಗುತ್ತದೆ ಎಂದು ಥರ್ಮೋಸ್ಟ್ಯಾಟನ್ನು ಕಿತ್ತು ಬಿಸಾಡಿಸುವ ರೂಢಿ ಇದೆ. ಅದರಿಂದ ಸೋರಿಕೆ ನಿಲ್ಲುವುದಿಲ್ಲ, ಗಾಳಿ ಹೋಗುವುದಿಲ್ಲ. ಮಲೆನಾಡಿನ ಚಳಿಯಲ್ಲಿ ಎಂಜಿನ್ ಹದಕ್ಕೆ ಬರದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸವೆಯುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ. ಗಾಳಿ ಬಿಡುವ ಸಣ್ಣ ತೂತು ಅದರಲ್ಲಿದ್ದರೆ ಅದು ಮೇಲಕ್ಕೆ ಬರುವಂತೆ ಕೂರಿಸಲು ಹೇಳಿ.

ತಾಯಂದಿರೇ, ಮಕ್ಕಳೇ, ಇದನ್ನು ಮಾತ್ರ ಮನೆಗೆ ತೆಗೆದುಕೊಂಡು ಹೋಗಿ. ಬಿಸಿ ಎಂಜಿನ್ನಿನ ಕ್ಯಾಪನ್ನು ಯಾವತ್ತೂ ತೆಗೆಯಬೇಡಿ. ಒಳಗೆ 110 ಡಿಗ್ರಿಯಲ್ಲಿ ಕುದಿಯದೆ ನಿಂತ ನೀರು ಕ್ಯಾಪು ತೆಗೆದ ಕ್ಷಣಕ್ಕೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಒಂದು ಗ್ರಾಂ ಆವಿ ಚರ್ಮದ ಮೇಲೆ ನೀರಾಗುವಾಗ 2,260 ಜೂಲ್ ಬಿಸಿ ಬಿಡುತ್ತದೆ. ಅದಕ್ಕೇ ಆವಿಯ ಸುಟ್ಟ ಗಾಯ ಕುದಿಯುವ ನೀರಿನದಕ್ಕಿಂತ ಘೋರ. ಗಾಡಿ ಹೀಟ್ ಆದರೆ ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಪೈಪು ಮುಟ್ಟಿದರೆ ತಣ್ಣಗಿದೆ ಅನ್ನಿಸುವ ತನಕ ಕೂತುಕೊಳ್ಳಿ. ಸುಡುವ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಹೆಡ್ಡು ಬಿರುಕು ಬಿಡಬಹುದು. ಯಾರಿಗಾದರೂ ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿದು ಆಸ್ಪತ್ರೆಗೆ ಹೋಗಿ. ಇಂಕು, ಟೂತ್‌ಪೇಸ್ಟು, ಬೆಣ್ಣೆ ಏನೂ ಹಚ್ಚಬೇಡಿ.

ಕೂಲೆಂಟ್ ಬಗ್ಗೆಯೂ ಒಂದು ಎಚ್ಚರಿಕೆ. ಸಾಮಾನ್ಯವಾಗಿ ಅದರಲ್ಲಿ ಇರುವುದು ಎಥಿಲೀನ್ ಗ್ಲೈಕಾಲ್. ರುಚಿ ಸಿಹಿ, ಹೊಟ್ಟೆಗೆ ವಿಷ, ಮೂತ್ರಪಿಂಡ ಹಾಳು ಮಾಡುತ್ತದೆ. ಸಿಹಿ ಎಂದೇ ನಾಯಿ ನೆಕ್ಕುತ್ತದೆ, ದನ ಬಾಯಿ ಹಾಕುತ್ತದೆ. ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಡಬೇಡಿ, ಮಕ್ಕಳಿರುವ ಮನೆ. ಹಳೆಯದನ್ನು ಚರಂಡಿಗೆ, ತೋಟದ ಕಾಲುವೆಗೆ ಬಿಡದೆ ಕ್ಯಾನಿನಲ್ಲಿ ಹಿಡಿದಿಡಿ. ಹಾಗಾದರೆ ಬರೀ ನೀರೇ ಸಾಕಲ್ಲ ಅಂತ ಕೇಳುತ್ತಾರೆ. ಬರೀ ನೀರು ಬಿಸಿಯನ್ನು ಚೆನ್ನಾಗಿ ಹೊರುತ್ತದೆ, ಆದರೆ ಒಳಗೆ ತುಕ್ಕು ಹಿಡಿಸುತ್ತದೆ, ಬೋರ್‌ವೆಲ್ ನೀರಾದರೆ ಉಪ್ಪು ಕಟ್ಟುತ್ತದೆ. ಬರೀ ಕೂಲೆಂಟ್ ಹಾಕಿದರೆ ಅದು ನೀರಿನಷ್ಟು ಬಿಸಿ ಹೊರುವುದಿಲ್ಲ. ಬೆರೆಸದೆ ಬರುವ ಕೂಲೆಂಟಿಗೆ ಡಬ್ಬದ ಮೇಲೆ ಬರೆದ ಪ್ರಮಾಣದಲ್ಲಿ ಡಿಸ್ಟಿಲ್ಡ್ ವಾಟರ್ ಬೆರೆಸಿ. ಬೆರೆಸಿಯೇ ಬರುವುದನ್ನು ಹಾಗೇ ಹಾಕಿ. ಒಂದೇ ಬಣ್ಣ ಅಂದ ಮಾತ್ರಕ್ಕೆ ಒಂದೇ ಜಾತಿ ಅಲ್ಲ, ಎರಡು ಬಗೆ ಸೇರಿಸಬೇಡಿ.

ನಾನು ಇವತ್ತು ಹೇಳಿದ ಜೂಲ್, ಒತ್ತಡ, ಕುದಿಯುವ ಬಿಂದು, ಆವಿಯ ಗುಪ್ತೋಷ್ಣ ಎಲ್ಲವೂ ಆ ಮೂಲೆಯ ಹೆಂಚಿನ ಕೋಣೆಯಲ್ಲಿ ವಿಜ್ಞಾನದ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಬರೆದದ್ದು. ಮೆಕ್ಯಾನಿಕ್ ಆಗುವವನಿಗೆ ಇಷ್ಟು ಓದು ಯಾಕೆ ಎಂದು ಮನೆಗಳಲ್ಲಿ ಇನ್ನೂ ಕೇಳುತ್ತಾರೆ. ಸ್ಪ್ಯಾನರ್ ತಿರುಗಿಸಲು ಆರು ತಿಂಗಳು ಸಾಕು. ಎಲ್ಲಿ ತಿರುಗಿಸಬೇಕು ಎಂದು ತಿಳಿಯಲು ಈ ಪಾಠ ಬೇಕು. ಹೆಣ್ಣುಮಕ್ಕಳಿಗೂ ಈ ಮಾತು ಹೇಳುತ್ತಿದ್ದೇನೆ, ಗ್ಯಾರೇಜಿನ ಬಾಗಿಲು ನಿಮಗೂ ತೆರೆದಿದೆ.

ಶಾಲೆಗೆ ನನ್ನದೊಂದು ಸಣ್ಣ ಕಾಣಿಕೆ ತಂದಿದ್ದೇನೆ. ಈ ಚೀಲದಲ್ಲಿ ಎರಡು ಥರ್ಮೋಸ್ಟ್ಯಾಟ್, ಒಂದು ಕತ್ತರಿಸಿ ಒಳಗೆ ಕಾಣುವಂತೆ ಮಾಡಿದ ಕ್ಯಾಪು, ಒಂದು ಹಳೆಯ ವಾಟರ್ ಪಂಪು ಇವೆ. ಪ್ರಯೋಗಾಲಯದಲ್ಲಿ ಬೀಕರಿನ ನೀರಿಗೆ ಥರ್ಮೋಸ್ಟ್ಯಾಟನ್ನೂ ಥರ್ಮಾಮೀಟರನ್ನೂ ಇಳಿಬಿಟ್ಟು ಬಿಸಿ ಮಾಡಿ. ಎಷ್ಟು ಡಿಗ್ರಿಗೆ ಬಾಗಿಲು ತೆರೆಯುತ್ತದೆ, ತಣಿಯುವಾಗ ಎಷ್ಟಕ್ಕೆ ಮುಚ್ಚುತ್ತದೆ ಬರೆದಿಟ್ಟುಕೊಳ್ಳಿ. ಒಂದರಲ್ಲಿ ಕೆಟ್ಟದ್ದನ್ನು ಬೇಕೆಂದೇ ಇಟ್ಟಿದ್ದೇನೆ. ಯಾವುದು ಕೆಟ್ಟದ್ದು ಅಂತ ಹತ್ತನೇ ತರಗತಿಯವರು ಕಂಡುಹಿಡಿದು ನನಗೆ ಹೇಳಬೇಕು.

ದಿನಾ ನೀರು ಹಾಕುತ್ತಿರುವವರು ಯಾರಾದರೂ ಇದ್ದರೆ ನಾಳೆ ಗ್ಯಾರೇಜಿಗೆ ಬನ್ನಿ. ಮಳೆಗಾಲ ಶುರುವಾಗುವ ಮೊದಲೇ ಬನ್ನಿ.